ಹಗ್ಗ ನೋಡಿ ಊರು ಹುಡುಕಿದ್ದು

ಗಂಜಿ ಹಾಕಿ ಒಣಗಿಸಿದ ಬಟ್ಟೆಯ ಮೇಲೆ ನೀರು ಚಿಮುಕಿಸಿ, ಇದ್ದಿಲು ತುಂಬಿದ ಇಸ್ತ್ರಿ ಪೆಟ್ಟಿಗೆಯನ್ನು ಮೊದಲ ಸಲ ಎಳೆದಾಗ ಒಂದು ವಾಸನೆ ಏಳುತ್ತದೆ. ಸ್ವಲ್ಪ ಅನ್ನದ್ದು, ಸ್ವಲ್ಪ ಹೊಗೆಯದ್ದು, ಸ್ವಲ್ಪ ಬಿಸಿಲಿನದ್ದು. ನಾನು ಹುಟ್ಟಿ ಬೆಳೆದದ್ದು ಆ ವಾಸನೆಯಲ್ಲೇ. ಕೆಳಗೆ ಅಪ್ಪನ ಲಾಂಡ್ರಿ, ಮೇಲೆ ಮನೆ. ಬೆಳಗ್ಗೆ ಮೆಟ್ಟಿಲ ಸಂದಿಯಿಂದ ಆ ವಾಸನೆ ಮೇಲೆ ಬಂದಿತೆಂದರೆ ಅಪ್ಪ ಎದ್ದಿದ್ದಾರೆ, ಲೋಕ ನೆಟ್ಟಗಿದೆ, ಇನ್ನೊಂದು ಮಗ್ಗುಲಿಗೆ ಹೊರಳಿ ಮಲಗಬಹುದು ಎಂದು ಅರ್ಥ.

ಅಪ್ಪನದು ಒಂದೇ ವೇದಾಂತ. "ಮನೆ ನೋಡ್ಬೇಡ, ಮನೆ ಮುಂದಿನ ಹಗ್ಗ ನೋಡು. ಬಾಯಿ ಸುಳ್ಳು ಹೇಳುತ್ತೆ, ಒಣಹಾಕಿದ ಬಟ್ಟೆ ಹೇಳಲ್ಲ." ಅಣ್ಣ ಒಬ್ಬ ಹುಡುಗಿಯನ್ನು ಮೆಚ್ಚಿದ್ದೇನೆ ಎಂದಾಗ ಅಪ್ಪ ಆ ಮನೆಯ ಹಿತ್ತಿಲಿಗೆ ಇಣುಕಿ, ಹಗ್ಗ ನೋಡಿ ಬಂದು, "ಅಂಚು ಹಿಡಿದು ಹಾಕಿದಾಳೆ, ಬಣ್ಣದ್ದಕ್ಕೆಲ್ಲ ಒಳಮೈ ಹೊರಗೆ ಮಾಡಿದಾಳೆ, ಆಗಬಹುದು" ಎಂದು ಒಪ್ಪಿಗೆ ಕೊಟ್ಟರು. ಹಾಗೆ ನಮ್ಮ ಮನೆಗೆ ಬಂದವರು ಅತ್ತಿಗೆ.

"ಅವತ್ತು ಬಟ್ಟೆ ಹಾಕಿದ್ದು ನಮ್ಮಕ್ಕ ಕಣೇ. ನಾನು ಒಳಗೆ ಗೊರಕೆ ಹೊಡೀತಿದ್ದೆ," ಎಂದು ಅತ್ತಿಗೆ ಇವತ್ತಿಗೂ ನಗುತ್ತಾರೆ.

ನಾನು ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ನಾನೇ ಆದ್ದರಿಂದ, ಅತ್ತಿಗೆ ಬಂದ ವಾರದಲ್ಲೇ ನನಗೆ 'ಕಾಲೇಜು' ಎಂದು ಹೆಸರಿಟ್ಟುಬಿಟ್ಟರು. ಆ ಹೆಸರು ಹಾಗೇ ಉಳಿಯಿತು. ನನಗೆ ಮದುವೆ ಕೂಡಿಬರಲಿಲ್ಲ, ಅಪ್ಪನ ಮನೆಯಲ್ಲೇ ಉಳಿದೆ. ಅಣ್ಣ ತೀರಿಕೊಂಡ ಮೇಲೆ ಲಾಂಡ್ರಿಯನ್ನು ಅತ್ತಿಗೆ ನಡೆಸಿದರು. ಸಂಜೆ ನಾನು ಮನೆಗೆ ಬಂದರೆ ಅವರು ಕೆಳಗಿನಿಂದಲೇ ಕೂಗುತ್ತಿದ್ದರು: "ಏ ಕಾಲೇಜು, ನಿನ್ನ ಮಕ್ಕಳಿಗೆ ಇವತ್ತು ಯಾವ ಸಮುದ್ರ ತೋರಿಸಿದೆ?"

ಕಟ್ಟಡ ನಮ್ಮದಲ್ಲ. ಅಜ್ಜನ ಕಾಲದ ಬಾಡಿಗೆಯ ಮೇಲೆ ಇಷ್ಟು ವರ್ಷ ಹೇಗೋ ನಡೆದಿತ್ತು. ಈಗ ಮಾಲೀಕರ ಮೊಮ್ಮಕ್ಕಳು ಅದನ್ನು ಕೆಡವಿ ಅಂಗಡಿ ಸಾಲು ಕಟ್ಟುವವರಿದ್ದರು. ಕೆಟ್ಟವರಲ್ಲ, ಬೇಸಿಗೆ ಮುಗಿಯುವವರೆಗೆ ಇರಿ ಅಂದರು, ಹೋಗುವಾಗ ಕೈಗೊಂದಿಷ್ಟು ಕೊಡುತ್ತೇವೆ ಅಂದರು. ಆದರೆ ನಮ್ಮ ಊರಿನಲ್ಲಿ ಬೇರೆ ಮನೆ ಹಿಡಿಯೋಣವೆಂದರೆ ನನ್ನ ಪಿಂಚಣಿ ಬಾಡಿಗೆಗೇ ಸಾಲದು. ಹಾಲು ಔಷಧಿಗಳಿಗೆ ಆಕಾಶ ನೋಡಬೇಕು.

ಅತ್ತಿಗೆಯ ಮಗ ಲಾರಿ ಓಡಿಸುತ್ತಾನೆ. ಸುದ್ದಿ ಕೇಳಿ ಓಡಿ ಬಂದ.

"ಅಮ್ಮ ನಮ್ಮ ಜೊತೆ ಬರಲಿ," ಎಂದ. "ಅತ್ತೆ, ನಿಮಗೆ ಒಂದು ಒಳ್ಳೆ ವೃದ್ಧಾ..." ಅಷ್ಟರಲ್ಲಿ ತಾಯಿಯ ಮುಖ ನೋಡಿ ಬ್ರೇಕು ಹಾಕಿದ. "ಹಾಸ್ಟೆಲ್ಲು. ಹಾಸ್ಟೆಲ್ ಥರಾನೇ ಇರುತ್ತಂತೆ ಅತ್ತೆ. ಟಿವಿ ಎಲ್ಲಾ ಇದೆಯಂತೆ."

"ಮೊದಲು ನೀನು ಹೋಗಿ ಇದ್ದು ನೋಡ್ಕೊಂಡು ಬಾ," ಎಂದರು ಅತ್ತಿಗೆ.

ಅವನ ಮೇಲೆ ನನಗೆ ಬೇಸರವಾಗಲಿಲ್ಲ. ಅವನಿಗಿರುವುದು ಎರಡು ಕೋಣೆ, ಹೆಂಡತಿ, ಬೆಳೆಯುವ ಇಬ್ಬರು ಹೆಣ್ಣುಮಕ್ಕಳು. ಒಬ್ಬರಿಗೆ ಜಾಗ ಮಾಡುವುದೇ ದೊಡ್ಡದು. ಮಾತು ಎತ್ತುವ ಮುಂಚೆ ಅವನು ನನ್ನ ಕನ್ನಡಕವನ್ನು ಅಂಗಿಯ ಚುಂಗಿನಿಂದ ಒರೆಸಿ ಕೊಟ್ಟಿದ್ದನ್ನೂ ನಾನು ಗಮನಿಸಿದ್ದೆ.

ಅವನು ಹೋದ ಮೇಲೆ ಅತ್ತಿಗೆ ಇಸ್ತ್ರಿ ಪೆಟ್ಟಿಗೆಯ ಬೂದಿ ಕೊಡವುತ್ತಾ, "ನಮ್ಮ ಕೈಗೆ ಎಟಕೋ ಊರು ಒಂದು ಎಲ್ಲಾದರೂ ಇರಲೇಬೇಕಲ್ಲ," ಎಂದರು. "ಜನ್ಮವಿಡೀ ಊರು ಕಲಿಸಿದವಳು ನೀನು. ಹುಡುಕು."

ಸಿಕ್ಕರೆ ಇಬ್ಬರೂ ಒಟ್ಟಿಗೆ. ಸಿಗದಿದ್ದರೆ ಅವರು ಮಗನ ಮನೆಗೆ, ನಾನು ಟಿವಿ ಇರುವ ಹಾಸ್ಟೆಲ್ಲಿಗೆ. ಇದನ್ನು ಇಬ್ಬರೂ ಬಾಯಿಬಿಟ್ಟು ಆಡಲಿಲ್ಲ. ನನ್ನೊಳಗೆ ಇನ್ನೊಂದು ಹುಳ ಕೊರೆಯುತ್ತಿತ್ತು: ಅತ್ತಿಗೆಗೆ ನಿಜಕ್ಕೂ ನನ್ನ ಜೊತೆ ಇರಬೇಕೆಂದಿದೆಯೋ, ಇಲ್ಲ ನನ್ನ ಮೇಲಿನ ಕನಿಕರಕ್ಕೆ ಮೊಮ್ಮಕ್ಕಳನ್ನು ಬಿಟ್ಟು ಬರುತ್ತಿದ್ದಾರೋ? ಕೇಳಲು ಬಾಯಿ ಬರಲಿಲ್ಲ. ಹೌದು, ಕನಿಕರವೇ ಎಂದುಬಿಟ್ಟರೆ?

ಮೊದಲ ಊರನ್ನು ನಾನು ನಕ್ಷೆ ನೋಡಿ ಆರಿಸಿದೆ. ಪಕ್ಕದಲ್ಲಿ ನದಿ, ಹಿತವಾದ ಹವೆ, ಹೊಸದಾಗಿ ರೈಲು. ಇಳಿದು ವಿಚಾರಿಸಿದರೆ, ರೈಲು ಬಂದದ್ದೇ ತಡ ಬಾಡಿಗೆಯೂ ರೈಲು ಹತ್ತಿ ನಮ್ಮ ಕೈಗೆ ಸಿಗದಷ್ಟು ದೂರ ಹೋಗಿಬಿಟ್ಟಿತ್ತು.

"ನಿನ್ನ ನಕ್ಷೆ ಯಾರ ಕಾಲದ್ದೇ?" ಎಂದರು ಅತ್ತಿಗೆ. "ನದಿಯಾದ್ರೂ ಇದೆಯೋ, ಅದೂ ಖಾಲಿ ಮಾಡ್ಕೊಂಡು ಹೋಯ್ತೋ ನೋಡು."

ನದಿ ಇತ್ತು. ಅದರ ದಂಡೆಯ ಮೇಲೆ ಕೂತು ಬುತ್ತಿ ಬಿಚ್ಚಿದೆವು. ನನಗೆ ಈರುಳ್ಳಿ ಸೇರುವುದಿಲ್ಲ. ಮೊದಲಿನಿಂದಲೂ ಹಾಗೆಯೇ, ಬಾಯಿಗೆ ಸಿಕ್ಕರೆ ಮೈ ಜುಮ್ಮೆನ್ನುತ್ತದೆ. ಅತ್ತಿಗೆಗೆ ಈರುಳ್ಳಿಯಿಲ್ಲದೆ ಒಗ್ಗರಣೆಯೇ ಇಲ್ಲ. ಮೂರೂ ಹೊತ್ತು ಇದೇ ನಮ್ಮ ಮಹಾಯುದ್ಧ.

"ಆರಿಸ್ಕೊಂಡು ತಿನ್ನು," ಎಂದರು. "ಕೈ ಇರೋದು ಬರೀ ಸೀಮೆಸುಣ್ಣ ಹಿಡಿಯೋಕಲ್ಲ."

ಎರಡನೆಯ ಊರಿನ ಆಯ್ಕೆ ಅತ್ತಿಗೆಯದು. ಬಸ್ಸು ಒಂದು ಗುಡ್ಡ ಇಳಿದು ತಿರುಗುತ್ತಲೇ ಅವರು ನನ್ನ ಮೊಣಕೈ ಹಿಡಿದು ಜಗ್ಗಿದರು. ಮನೆಗಳ ಮಹಡಿಯ ಮೇಲೆಲ್ಲ ಹಗ್ಗಗಳು. ಹಗ್ಗದ ತುಂಬ ಬಿಳಿ ಹಾಸುಬಟ್ಟೆಗಳು. ಎಂಥ ಬಿಳಿ! ಅಂಚಿಗೆ ಅಂಚು ಸೇರಿಸಿ, ಎಲ್ಲೂ ಸುಕ್ಕಿಲ್ಲದೆ, ಗಾಳಿಗೆ ಒಂದೇ ತಾಳದಲ್ಲಿ ಉಬ್ಬುತ್ತಿದ್ದವು.

"ಮಾವ ಇದ್ದಿದ್ರೆ ಇಲ್ಲೇ ಇಳಿದುಬಿಡೋರು," ಎಂದರು ಅತ್ತಿಗೆ.

ಎಲ್ಲ ಹಾಸುಬಟ್ಟೆಗಳೂ ಒಂದೇ ಅಳತೆಯವು ಎಂಬುದು ನನ್ನ ಕಣ್ಣಿಗೆ ಬಿದ್ದಿತ್ತು. ಎಷ್ಟು ಒಗ್ಗಟ್ಟಿನ ಊರು ಎಂದುಕೊಂಡೆ! ಮನೆಯೂ ಸಿಕ್ಕಿತು. ಎರಡು ಕೋಣೆ, ನಂಬಲಾಗದಷ್ಟು ಕಡಿಮೆ ಬಾಡಿಗೆ. ಇನ್ನೇನು ಮಾತು ಮುಗಿಸಬೇಕು, ಎದುರಿನ ಚಹಾ ಅಂಗಡಿಯವನು ಲೋಟ ಕೊಡುತ್ತಾ ಮೆಲ್ಲಗೆ ಕೇಳಿದ: "ಅಜ್ಜಿ, ಸೀಸನ್ನಲ್ಲಿ ಎಲ್ಲಿ ಇರ್ತೀರಿ?"

"ಯಾವ ಸೀಸನ್ನು?"

"ಪ್ರವಾಸಿಗಳು ಬರೋ ತಿಂಗಳುಗಳು. ಆಗ ಈ ಮನೆಗಳೆಲ್ಲ ಲಾಡ್ಜು. ಬಾಡಿಗೆಯವರು ಗಂಟುಮೂಟೆ ಕಟ್ಕೊಂಡು ಹೊರಗೆ ಹೋಗ್ಬೇಕು. ಮಾಲೀಕರು ಇದನ್ನ ಕೊನೇಲಿ ಹೇಳ್ತಾರೆ."

ಅತ್ತಿಗೆ ಮಹಡಿಗಳ ಕಡೆ ನೋಡಿದರು. "ಹಾಗಾದ್ರೆ ಆ ಬಟ್ಟೆಗಳು..."

"ಲಾಡ್ಜ್ ಬಟ್ಟೆ ಅಜ್ಜಿ. ಯಂತ್ರದಲ್ಲಿ ಒಗೆದದ್ದು."

ಜೀವನವಿಡೀ ಬಟ್ಟೆಯನ್ನೇ ಮುಟ್ಟಿಕೊಂಡು ಬಂದವರು ನಾವು. ಹಗ್ಗದ ಮೇಲೆ ಒಂದು ಮಗುವಿನ ಕಾಲುಚೀಲವೂ ಇಲ್ಲ, ಒಂದು ಹಳೆಯ ಅಂಗಿಯೂ ಇಲ್ಲ ಎಂಬುದು ಇಬ್ಬರಿಗೂ ಹೊಳೆಯಲಿಲ್ಲವಲ್ಲ! ಬಿಳುಪಿಗೆ ಮರುಳಾಗಿದ್ದೆವು. ಅತ್ತಿಗೆ ಚಹಾ ಮುಗಿಸಿ ಲೋಟ ಕೆಳಗಿಟ್ಟರು. ಆಮೇಲೆ, "ಮೊದಲನೇ ಸಲ ಮಾವನ ಹಗ್ಗ ನಮ್ಮಕ್ಕನ್ನ ತೋರಿಸಿ ನನ್ನ ತಂತು. ಈ ಸಲ ಲಾಡ್ಜ್ ತೋರಿಸ್ತು," ಎಂದು ತಾವೇ ನಕ್ಕುಬಿಟ್ಟರು.

ಆ ಚಹಾದವನು ಕಾಸು ತೆಗೆದುಕೊಳ್ಳಲಿಲ್ಲ. "ನಿಜವಾಗ್ಲೂ ಕಡಿಮೆ ಬಾಡಿಗೆ ಬೇಕು ಅಂದ್ರೆ ಈ ಬಸ್ಸಿನ ಕೊನೇ ನಿಲ್ದಾಣದವರೆಗೂ ಹೋಗಿ. ಹೆಂಚಿನ ಕಾರ್ಖಾನೆ ಇದೆ. ನೋಡೋಕೆ ಅಂತ ಆ ಊರಿಗೆ ಯಾರೂ ಹೋಗಲ್ಲ," ಎಂದ.

ಯಾಕೆ ಹೋಗುವುದಿಲ್ಲ ಎಂಬುದು ಇಳಿದ ತಕ್ಷಣ ತಿಳಿಯಿತು. ಊರಿಗೆ ಊರೇ ಕೆಂಪು. ಗೋಡೆ ಕೆಂಪು, ಮರದ ಎಲೆ ಕೆಂಪು, ನಾಯಿಯ ಬೆನ್ನು ಕೆಂಪು. ಹಗ್ಗದ ಮೇಲಿನ ಬಿಳಿ ಅಂಗಿಗಳಿಗೆಲ್ಲ ತೆಳುವಾದ ಇಟ್ಟಿಗೆ ಬಣ್ಣ.

"ಶಿವನೇ," ಎಂದರು ಅತ್ತಿಗೆ. "ಈ ಊರಲ್ಲಿ ಬಿಳಿ ಅನ್ನೋದೇ ಹುಟ್ಟಿಲ್ಲ. ಇಲ್ಲಿ ಇಸ್ತ್ರಿ ಪೆಟ್ಟಿಗೆ ಹಿಡಿದ್ರೆ ಮಾವ ಕನಸಿನಲ್ಲಿ ಬಂದು ಉಗೀತಾರೆ."

ಬೇಸಿಗೆ ಮುಗಿಯುತ್ತ ಬಂದಿತ್ತು. ಇನ್ನೊಂದು ಊರು ನೋಡುವಷ್ಟು ದಿನವೂ ಇರಲಿಲ್ಲ, ಅತ್ತಿಗೆಯ ಮಂಡಿಯಲ್ಲಿ ಶಕ್ತಿಯೂ ಇರಲಿಲ್ಲ.

ಬಂದದ್ದಕ್ಕೆ ಒಂದು ಮನೆ ನೋಡೋಣವೆಂದು ವಿಚಾರಿಸಿದೆವು. ಕಾರ್ಖಾನೆಯ ನಿವೃತ್ತ ಗುಮಾಸ್ತರೊಬ್ಬರು ಒಂದು ಓಣಿಗೆ ಕರೆದುಕೊಂಡು ಹೋಗಿ, ಒಂದು ಪುಟ್ಟ ಮನೆಯ ಜಗಲಿಯ ಮೇಲೆ ನಮ್ಮನ್ನು ಕೂರಿಸಿ, ಬೀಗದ ಕೈ ತರಲು ಹೋದರು. ಓಣಿಯವರೆಲ್ಲ ಕೆಲಸಕ್ಕೆ ಹೋಗಿದ್ದರು. ಎದುರುಮನೆಯಲ್ಲಿ ಒಬ್ಬ ತುಂಬು ಬಸುರಿ ಮಾತ್ರ ಬಾಗಿಲಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಳು.

ಇದ್ದಕ್ಕಿದ್ದಂತೆ ಕಾರ್ಖಾನೆಯ ಶಿಳ್ಳೆ ಕೂಗಿತು. ಆ ಹುಡುಗಿ ಬಟಾಣಿಯ ಮೊರವನ್ನು ಅಲ್ಲೇ ಬಿಟ್ಟು ಸೊಂಟಕ್ಕೆ ಕೈಕೊಟ್ಟು ಎದ್ದಳು. ತನ್ನ ಹಗ್ಗದ ಬಟ್ಟೆ ಎಳೆದುಕೊಂಡಳು. ಪಕ್ಕದ ಮನೆಯದನ್ನೂ ಎಳೆದಳು. ಅದರಾಚೆಯ ಮನೆಗೂ ಹೊರಟಳು.

"ಏನಾಯ್ತಮ್ಮ?" ಎಂದು ಕೂಗಿದೆ.

"ಒಡಕು ಹೆಂಚು ಪುಡಿ ಮಾಡ್ತಾರೆ ಅಜ್ಜಿ, ಈಗ ಧೂಳು ಬರುತ್ತೆ. ಮನೇಲಿರೋರು ಓಣಿದೆಲ್ಲ ತೆಗೀಬೇಕು. ಇವತ್ತು ನಾನೊಬ್ಳೇ ಇರೋದು!"

ನಾನು ತಿರುಗಿ ನೋಡುವಷ್ಟರಲ್ಲಿ ಅತ್ತಿಗೆ ಜಗಲಿಯ ಮೇಲಿರಲಿಲ್ಲ. ಮೆಟ್ಟಿಲು ಕಂಡರೆ ಅಳುವ ಮಂಡಿ ಅದು. ಅದೇ ಮಂಡಿ ಹೊತ್ತು ಓಣಿಯ ಆ ತುದಿಗೆ ಹೋಗಿ, ಎರಡು ಕೈಯಲ್ಲೂ ಬಟ್ಟೆ ಬಾಚುತ್ತಿದ್ದರು. "ನೀನು ಕೂತ್ಕೋ ತಾಯಿ, ಹೊಟ್ಟೆ ಹೊತ್ತು ಓಡ್ಬೇಡ! ಏ ಕಾಲೇಜು, ಏನು ನೋಡ್ತೀಯ, ಆ ಕಡೆ ಹಗ್ಗ ಹಿಡಿ!"

ಹಿಡಿದೆ. ಕೆಂಪು ಮೋಡ ಓಣಿಯ ಬಾಯಿಗೆ ಬರುವ ಹೊತ್ತಿಗೆ ಹಗ್ಗಗಳೆಲ್ಲ ಬೋಳಾಗಿದ್ದವು. ನಾವು ಮೂವರೂ ಬಟ್ಟೆಯ ರಾಶಿಯೊಂದಿಗೆ ಬಸುರಿಯ ಮನೆಯೊಳಗೆ ಸೇರಿ ಬಾಗಿಲು ಹಾಕಿಕೊಂಡೆವು. ಅವಳು ಸುಸ್ತಾಗಿ ಗೋಡೆಗೊರಗಿದವಳು ಅಲ್ಲೇ ನಿದ್ದೆಹೋದಳು. ಅತ್ತಿಗೆಗೆ ಸುಮ್ಮನೆ ಕೂತು ಗೊತ್ತಿಲ್ಲ. ಚಾಪೆ ಹಾಸಿ ಮಡಚಲು ಕೂತರು. ಎದುರಿಗೆ ನಾನೂ ಕೂತೆ. ಎಷ್ಟೋ ವರ್ಷ ಹಾಗೆ ಕೂತು ಮಡಚಿದ ಕೈಗಳು, ಮಾತೇ ಬೇಕಾಗಲಿಲ್ಲ. ಅಂಗಿಗಳು ಒಂದು ಸಾಲು, ಕಾಲರ್ ನೆಟ್ಟಗೆ. ಪೈಜಾಮ ಒಂದು ಸಾಲು. ಟವೆಲ್ ಒಂದು ಕಡೆ, ಮಕ್ಕಳದ್ದು ಒಂದು ಕಡೆ. ಧೂಳು ಇಳಿದ ಮೇಲೆ ಎಲ್ಲವನ್ನೂ ಖಾಲಿ ಮನೆಯ ಜಗಲಿಯ ಮೇಲೆ ತಂದು ಜೋಡಿಸಿದೆವು. ಅಪ್ಪನ ಲಾಂಡ್ರಿಯ ಕಪಾಟಿನಂತೆಯೇ ಕಂಡಿತು.

ಗುಮಾಸ್ತರು ಬೀಗದ ಕೈ ಹಿಡಿದು ಬಂದವರು ನಿಂತಲ್ಲೇ ನಿಂತರು.

"ಅಯ್ಯೋ, ಇದೇನಮ್ಮಾ ಮಾಡಿದ್ರಿ?"

"ಯಾಕೆ, ಮಡಿಕೆ ಸರಿಯಿಲ್ವಾ?" ಎಂದರು ಅತ್ತಿಗೆ ಗತ್ತಿನಿಂದ.

"ಮಡಿಕೆ ಭರ್ಜರಿಯಾಗಿದೆ. ಆದ್ರೆ ಯಾರದ್ದು ಯಾವುದು? ಅವರವರ ಬಟ್ಟೆ ಅವರವರ ಬಾಗಿಲಲ್ಲಿ ಬುಟ್ಟಿಗೆ ಹಾಕೋದು ನಮ್ಮಲ್ಲಿ ರೂಢಿ!"

ಅತ್ತಿಗೆಯ ಮುಖ ನೋಡಬೇಕಿತ್ತು. ನಮ್ಮ ಲಾಂಡ್ರಿಯಲ್ಲಿ ಪ್ರತಿ ಬಟ್ಟೆಯ ಒಳಗೂ ಗಿರಾಕಿಯ ಗುರುತಿನ ದಾರ ಹೊಲಿದಿರುತ್ತಿತ್ತು. ಹಾಗಾಗಿ ಬಗೆ ಪ್ರಕಾರ ಜೋಡಿಸಿ, ಆಮೇಲೆ ಗುರುತು ನೋಡಿ ಹಂಚುವುದು ಅಭ್ಯಾಸ. ಇಲ್ಲಿ ಗುರುತೆಲ್ಲಿಂದ ಬರಬೇಕು? ಅದರ ಮೇಲೆ, ಕಾರ್ಖಾನೆಯವರ ಅಂಗಿಗಳೆಲ್ಲ ಒಂದೇ ಬಣ್ಣ, ಒಂದೇ ಬಟ್ಟೆ, ಒಂದೇ ದರ್ಜಿ.

ಸಂಜೆ ಪಾಳಿ ಬಿಟ್ಟು ಜನ ಬಂದರು. ಆಮೇಲೆ ಆ ಜಗಲಿಯ ಮೇಲೆ ನಡೆದದ್ದನ್ನು ಹೇಗೆ ಹೇಳಲಿ! ಒಬ್ಬ ದಪ್ಪನೆಯ ಆಸಾಮಿ ತನ್ನದೆಂದು ತೊಟ್ಟ ಅಂಗಿಯ ಗುಂಡಿ ಹಾಕಲಾಗದೆ ಉಸಿರು ಬಿಗಿಹಿಡಿದು ನಿಂತ. "ಆ ಅಂಗಿ ನನ್ನದು ಕಣೋ, ಹೊಟ್ಟೆ ಮಾತ್ರ ನಿಂದು," ಎಂದ ಇನ್ನೊಬ್ಬ. "ನಮ್ಮನೆಯವರದ್ದು ಅಂತ ಹೇಗೆ ಗೊತ್ತಾಯ್ತೇ?" ಎಂದು ಒಬ್ಬಾಕೆಯನ್ನು ಕೇಳಿದರೆ, "ಜೇಬಲ್ಲಿ ತೂತು, ಕೈಯಲ್ಲೂ ತೂತು" ಎಂದಳು. ಓಣಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅತ್ತಿಗೆ ಒಂದು ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಒಬ್ಬ ಮುದುಕರು ತಮ್ಮ ಅಂಗಿಯನ್ನು ಎರಡು ಅಂಗೈ ಮೇಲೆ ಇಟ್ಟುಕೊಂಡು ಅವರ ಹತ್ತಿರ ಬಂದು, "ನನ್ನ ಅಂಗೀನ ಇಷ್ಟು ಮರ್ಯಾದೆಯಿಂದ ಯಾರೂ ಮಡಚಿರಲಿಲ್ಲ ಕಣಮ್ಮ. ಬಿಚ್ಚೋಕೇ ಮನಸ್ಸಿಲ್ಲ," ಎಂದರು.

ಎಲ್ಲ ಹೋದ ಮೇಲೆ ಮನೆ ನೋಡಿದೆವು. ಒಂದೇ ಕೋಣೆ, ಅದಕ್ಕೆ ಅಂಟಿಕೊಂಡ ಅಡುಗೆಮನೆ, ಒಂದೇ ಕಿಟಕಿ. ಬಾಡಿಗೆ ನಮ್ಮ ಕೈಗೆ ಎಟಕುವಂಥದ್ದು. ಮೇಲೆ ಹಾಲಿಗೂ ಔಷಧಿಗೂ ಉಳಿಯುತ್ತಿತ್ತು. ಆದರೆ ಅತ್ತಿಗೆ ಕಿಟಕಿಯ ಸರಳಿನ ಮೇಲೆ ಬೆರಳು ಎಳೆದು, ಬೆರಳ ತುದಿಯ ಕೆಂಪನ್ನೇ ನೋಡುತ್ತ ನಿಂತರು. ನನಗೆ ಅರ್ಥವಾಯಿತು ಎಂದುಕೊಂಡೆ.

"ಅತ್ತಿಗೆ," ಎಂದೆ, "ಈ ಧೂಳಿನಲ್ಲಿ ನಿಮಗೆ ಆಗಲ್ಲ. ನೀವು ಮಗನ ಮನೆಗೆ ಹೋಗಿ. ಮೊಮ್ಮಕ್ಕಳಿದಾರೆ. ನನಗೋಸ್ಕರ ಇಷ್ಟು ಊರು ಸುತ್ತಿದ್ದೇ ಹೆಚ್ಚು. ನನಗೆ ಹಾಸ್ಟೆಲ್ಲು ಪರವಾಗಿಲ್ಲ."

ಅವರು ಬೆರಳನ್ನು ಸೆರಗಿಗೆ ಒರೆಸಿಕೊಂಡರು.

"ನಿನಗೋಸ್ಕರ ಅಂತ ಯಾರು ಹೇಳಿದ್ರು?"

"ಮತ್ತೆ?"

"ಮಗನ ಮನೇಲಿ ನನಗೆ ಎಲ್ಲಾ ಸಿಗುತ್ತೆ ಕಣೇ. ಊಟ ಸಿಗುತ್ತೆ, ಹಾಸಿಗೆ ಸಿಗುತ್ತೆ. ಸೊಸೆ ಬಂಗಾರ. ಏನು ಹೇಳಿದ್ರೂ 'ಆಯ್ತು ಅತ್ತೆ' ಅಂತಾಳೆ." ಅವರ ದನಿ ಸಣ್ಣಗಾಯಿತು. "ಜಗಳ ಆಡೋಕೆ ಯಾರಿದಾರೆ ಅಲ್ಲಿ? 'ಆಯ್ತು ಅತ್ತೆ' ಕೇಳ್ಕೊಂಡು ಎಷ್ಟು ದಿನ ಬದುಕೋದು? ನಾನು ಯೋಚನೆ ಮಾಡ್ತಿದ್ದಿದ್ದು ನಿನ್ನದು. ಓದಿದವಳು, ನಾಲ್ಕು ಜನ ಓದಿದವರ ಜೊತೆ ಇರ್ಬೇಕು ಅಂತ ಆಸೆ ಇರುತ್ತೇನೋ, ನನ್ನ ಮುಖ ನೋಡ್ಕೊಂಡು ಬಾಯಿ ಬಿಡ್ತಿಲ್ವೇನೋ ಅಂತ."

ನಾನು ಕನ್ನಡಕ ತೆಗೆದು ಒರೆಸಿದೆ.

"ಅಳ್ಬೇಡ," ಎಂದರು ಅತ್ತಿಗೆ, ತಾವು ಅಳುತ್ತಾ. "ಮೊದಲೇ ಧೂಳು, ಕೆಸರಾಗುತ್ತೆ."

ಬೇಸಿಗೆಯ ಕೊನೆಗೆ ಅವರ ಮಗನೇ ಲಾರಿಯಲ್ಲಿ ನಮ್ಮ ಸಾಮಾನು ತಂದ. ದಾರಿಯುದ್ದಕ್ಕೂ, "ಅತ್ತೆ, ಅಮ್ಮನ್ನ ಕೆಡಿಸಿದ್ದು ನೀವೇ," ಎಂದು ಗೊಣಗಿದ. ಇಳಿಸುವಾಗ ಮಾತ್ರ ನನ್ನ ಪುಸ್ತಕದ ಪೆಟ್ಟಿಗೆಯನ್ನು ಮೊದಲು ಇಳಿಸಿ, ನೀರು ತಾಗದ ಗೋಡೆ ಯಾವುದೆಂದು ಕೈಯಿಂದ ಮುಟ್ಟಿ ಮುಟ್ಟಿ ನೋಡಿ, ಅಲ್ಲಿ ಇಟ್ಟ. ಹೊರಗೆ ಹಗ್ಗ ಕಟ್ಟಿದ. ಅತ್ತಿಗೆ ಕೈಯೆತ್ತಿ ಅಳತೆ ತೋರಿಸಿದ ಎತ್ತರಕ್ಕೆ. ಎದುರುಮನೆಯ ಹುಡುಗಿ ಈಗ ಮಡಿಲಲ್ಲಿ ಕೂಸು ಇಟ್ಟುಕೊಂಡು ನೋಡುತ್ತಿದ್ದಳು.

ಅವನ ಲಾರಿ ಓಣಿ ದಾಟಿದ್ದೇ ತಡ, ಹೊಸ ಮನೆಯಲ್ಲಿ ನಮ್ಮ ಮೊದಲ ಜಗಳ ಶುರುವಾಯಿತು. ಕಿಟಕಿಯ ಪಕ್ಕದ ಮಂಚ ಯಾರಿಗೆ?

"ನಿಮಗೆ ಉಸಿರು ಕಟ್ಟುತ್ತೆ, ಗಾಳಿ ಬೇಕು," ಎಂದೆ ನಾನು.

"ಓದೋಕೆ ಬೆಳಕು ಬೇಕಾದ್ದು ನಿನಗೆ. ನನಗೆ ಬೆಳಕು ತಗೊಂಡು ಏನಾಗ್ಬೇಕು, ಗೊರಕೆಗೆ ದೀಪ ಬೇಕಾ?"

"ನಾನು ಜಗಲಿ ಮೇಲೆ ಓದ್ತೀನಿ."

"ಧೂಳಲ್ಲಿ? ಹೌದಪ್ಪ, ಕಾಲೇಜು ಓದಿದ್ದು ಬುದ್ಧಿಗೆ ಅಲ್ಲ, ಹಟಕ್ಕೆ."

"ಹಟ ನಿಮ್ಮಿಂದಲೇ ಕಲಿತದ್ದು. ಕಾಲೇಜಿನಲ್ಲಿ ಆ ಪಾಠ ಇರಲಿಲ್ಲ."

ಅವರಿಗೆ ಸಿಟ್ಟು ಬಂದು, ನನ್ನ ಹಾಸಿಗೆಯನ್ನು ಕಿಟಕಿಯ ಪಕ್ಕಕ್ಕೆ ಎಸೆದು ಅಡುಗೆಮನೆಗೆ ಹೋದರು. ಪಾತ್ರೆಗಳು ಸದ್ದು ಮಾಡಿದವು. ಬೇಕೆಂದೇ ಮಾಡಿಸಿದ ಸದ್ದು. ನಾನೂ ಬಿಗುಮಾನದಿಂದ ಮಂಚದ ಮೇಲೆ ಕೂತು ಪುಸ್ತಕ ತೆರೆದೆ. ಬೆಳಕು ಚೆನ್ನಾಗಿಯೇ ಬೀಳುತ್ತಿತ್ತು. ಅದನ್ನು ಹೇಳಲಿಲ್ಲ.

ಒಗ್ಗರಣೆಯ ಈರುಳ್ಳಿ ಘಮ ಬಂತು. ಸರಿ, ಸೇಡು ತೀರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ತೀರ ನಿಶ್ಶಬ್ದವಾದಾಗ ಪುಸ್ತಕದ ಅಂಚಿನಿಂದ ಇಣುಕಿದೆ. ಅತ್ತಿಗೆ ನನಗೆ ಬೆನ್ನು ಮಾಡಿ ಒಲೆಯ ಮುಂದೆ ಕೂತಿದ್ದರು. ಮೊಣಕಾಲ ಬಳಿ ಎರಡು ತಟ್ಟೆ. ಒಂದರಿಂದ ಏನನ್ನೋ ಬೆರಳಲ್ಲಿ ಆರಿಸಿ ಆರಿಸಿ ಇನ್ನೊಂದಕ್ಕೆ ಹಾಕುತ್ತಿದ್ದರು. ಕನ್ನಡಕವಿಲ್ಲದ ಕಣ್ಣು, ತಟ್ಟೆಯನ್ನು ಮೂಗಿನ ಹತ್ತಿರಕ್ಕೆ ತಂದು ನೋಡಿ, ಇನ್ನೊಂದು ಚೂರು ತೆಗೆದರು.

ನಾನು ಬೇಗನೆ ಪುಸ್ತಕದೊಳಗೆ ಮುಖ ಹುದುಗಿಸಿದೆ. ಹೆಜ್ಜೆ ಹತ್ತಿರ ಬಂತು. ಹಾಳೆಯ ಮೇಲೆ ನೆರಳು ಬಿತ್ತು. ಅತ್ತಿಗೆ ಬಿಸಿ ತಟ್ಟೆಯ ಅಡಿಗೆ ಒಂದು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಹಿಡಿದು, ತಟ್ಟೆಯನ್ನು ನನ್ನ ಕೈಗೆ ಕೊಟ್ಟರು.